ಮಂದಾತಾಯಿಯ ಉಂಗುರಗಳು

ಕಳೆದ ಶ್ರಾವಣದ ಒಂದು ಸಂಜೆ ನಾಸಿಕದ ಬಸ್ ನಿಲ್ದಾಣದ ಎದುರು ಮಳೆಗೆ ಸಿಕ್ಕಿಕೊಂಡು ಒಂದು ತಗಡಿನ ಮಾಡಿನ ಕೆಳಗೆ ನಿಂತಿದ್ದೆ. ಪಕ್ಕದಲ್ಲೇ ಒಬ್ಬ ಹೆಂಗಸು ಕೈಗಾಡಿಯ ಮೇಲೆ ಇದ್ದಿಲ ಒಲೆ ಇಟ್ಟುಕೊಂಡು ಮೆಕ್ಕೆಜೋಳದ ತೆನೆ ಸುಡುತ್ತಿದ್ದಳು. ಕಾಳು ಚಟಪಟ ಸಿಡಿಯುವ ಸದ್ದು, ಸುಟ್ಟ ಸಿಪ್ಪೆಯ ವಾಸನೆ, ಅದರ ಮೇಲೆ ಉಜ್ಜಿದ ನಿಂಬೆಹಣ್ಣಿನ ಹುಳಿ. ಒಂದು ತೆನೆ ಕೊಂಡು, ಸುಮ್ಮನೆ ಮಾತಿಗೆಂದು ಎಲ್ಲಿಯ ಮಾಲು ಅಂತ ಕೇಳಿದೆ. ಅವಳು ತಲೆ ಎತ್ತದೆ "ಸಿಲ್ಲೋಡ್" ಎಂದಳು.

ಅಷ್ಟೇ. ಮಳೆ ನಿಂತ ಮೇಲೂ ನಾನು ಅಲ್ಲೇ ನಿಂತಿದ್ದೆ.

ಎಂ.ಎಸ್ಸಿ. ಮುಗಿಸಿದ ಮೇಲೆ ನಾನು ಒಂದು ವರ್ಷ ಔರಂಗಾಬಾದಿನಲ್ಲಿದ್ದೆ. ಈಗ ಅದು ಛತ್ರಪತಿ ಸಂಭಾಜಿನಗರ. ನನ್ನ ನೆನಪಿನಲ್ಲಿ ಊರು ಹಳೆಯ ಹೆಸರಿನಲ್ಲೇ ಇರುವುದರಿಂದ ಹಾಗೇ ಬರೆಯುತ್ತಿದ್ದೇನೆ. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷ ಆಗಿದ್ದ ಕಾಲ. ಮಹಾರಾಷ್ಟ್ರದಲ್ಲಿ ಕರೆಂಟಿಗೆ ಬರ ಬಂದಿತ್ತು. ಹಗಲಿನಲ್ಲಿ ಹಲವು ತಾಸು ವಿದ್ಯುತ್ ತೆಗೆಯುತ್ತಿದ್ದರು. ಲೋಡ್‌ಶೆಡ್ಡಿಂಗ್ ಎನ್ನುವ ಮಾತು ತರಕಾರಿ ಮಾರುವವರ ಬಾಯಲ್ಲೂ ಇತ್ತು. ಅಪ್ಪ ನಾಸಿಕದ ಹತ್ತಿರ ಓಝರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಜಮಖಂಡಿಯಿಂದ ಬಂದು ಅಲ್ಲೇ ನೆಲೆ ನಿಂತವನು. ನನಗೆ ಔರಂಗಾಬಾದಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸಹಾಯಕಳಾಗಿ ಕೆಲಸ ಸಿಕ್ಕಿತೆಂದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ನಿನ್ನ ಜೋಡಿ ಯಾರ ಇರ್ತಾರ?"

ನನ್ನ ಜೋಡಿ ಇದ್ದವರು ಮಂದಾಕಿನಿ. ನನಗಿಂತ ಆರು ವರ್ಷ ದೊಡ್ಡವರು, ಅದೇ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಮರಾಠಿಯಲ್ಲಿ ಅಕ್ಕನಿಗೆ ತಾಯಿ ಎನ್ನುತ್ತಾರೆ, ಹಾಗಾಗಿ ಅವರು ನನಗೆ ಮೊದಲ ದಿನದಿಂದಲೇ ಮಂದಾತಾಯಿ. ಫೋನಿನಲ್ಲಿ ಈ ಹೆಸರು ಕೇಳಿ ಅವ್ವ, "ಆರು ವರ್ಷಕ್ಕ ದೊಡ್ಡಾಕಿಗೆ ತಾಯಿ ಅಂತೀಯಲ್ಲ, ನಾ ಏನ ಸತ್ತೇನೇನು?" ಎಂದು ನಕ್ಕಿದ್ದಳು. ನಾನೂ ಮಂದಾತಾಯಿಯೂ ಮಾತಾಡುತ್ತಿದ್ದದ್ದು ಮರಾಠಿಯಲ್ಲೇ. ಆದರೆ ಇಷ್ಟು ವರ್ಷಗಳ ಮೇಲೆ ಆ ಮಾತುಗಳು ನನಗೆ ನಮ್ಮ ಮನೆಯ ಕನ್ನಡದಲ್ಲೇ ಕೇಳಿಸುತ್ತವೆ. ಕೇಳಿಸಿದ ಹಾಗೆ ಬರೆಯುತ್ತೇನೆ.

ನಮ್ಮ ಪ್ರಯೋಗಾಲಯ ಒಂದು ಉದ್ದನೆಯ ಕೋಣೆ. ಕಿಟಕಿಯ ಆಚೆ ದೊಡ್ಡ ಬೇವಿನ ಮರ, ಅದರಾಚೆ ಬರಿಯ ಕಂದು ಗುಡ್ಡ. ಮಾರ್ಗದರ್ಶಕರು ದೇಶಮುಖ ಸರ್. ನಿವೃತ್ತಿಗೆ ಹತ್ತಿರ ಬಂದವರು, ಮೆಲುದನಿಯವರು, ಸಿಟ್ಟು ಬಂದರೆ ಕನ್ನಡಕ ಒರೆಸುತ್ತಾ ಕೂರುವವರು. ನಾನು ಸೇರಿದ ದಿನ ಅವರು ಕರಿಹಲಗೆಯ ಮೇಲೆ ಮೂರು ಚಿತ್ರ ಬರೆದು ತೋರಿಸಿದರು: ಒಂದು ಗೆರೆ, ಒಂದು ವೃತ್ತ, ಇನ್ನೊಂದು ನುಲಿದು ನುಲಿದು ಮುದುಡಿಕೊಂಡ ವೃತ್ತ.

"ಮೂರೂ ಒಂದೇ ಡಿಎನ್‌ಎ. ಅವೇ ಅಕ್ಷರ, ಅಷ್ಟೇ ಉದ್ದ. ಬರೀ ಆಕಾರ ಬ್ಯಾರೆ. ಬಿಸಿ ಮಾಡಿದ್ರ ಮೂರೂ ಒಂದೇ ರೀತಿ ಕರಗ್ತಾವೋ ಇಲ್ಲೋ, ಅದು ನಮ್ಮ ಪ್ರಶ್ನೆ" ಎಂದರು.

ಕರಗುವುದು ಎಂದರೆ ಬೆಣ್ಣೆ ಕರಗಿದ ಹಾಗಲ್ಲ. ಡಿಎನ್‌ಎ ಒಂದರ ಮೇಲೊಂದು ಸುತ್ತಿಕೊಂಡ ಎರಡು ಎಳೆಗಳು. ಬಿಸಿ ಏರಿದಂತೆ ಎಳೆಗಳ ನಡುವಿನ ಹಿಡಿತ ತಪ್ಪಿ ಅವು ಬೇರೆಯಾಗುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ, ನೀರು ನೀರಾಗಿಯೇ ಇರುತ್ತದೆ. ಆದರೆ ಎಳೆಗಳು ಬಿಚ್ಚಿದಷ್ಟೂ ಆ ನೀರು ಹೆಚ್ಚು ಹೆಚ್ಚು ನೇರಳಾತೀತ ಬೆಳಕನ್ನು ಹೀರುತ್ತದೆ. ನಮ್ಮ ಯಂತ್ರದ ಕೆಲಸ ಅದನ್ನು ಅಳೆಯುವುದು. ಗಾಜಿನಂಥ ಪುಟ್ಟ ಡಬ್ಬಿಗಳಲ್ಲಿ ದ್ರಾವಣ ತುಂಬಿ, ಆವಿಯಾಗದಿರಲೆಂದು ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ನಿಧಾನಕ್ಕೆ, ಬಹಳ ನಿಧಾನಕ್ಕೆ ಬಿಸಿ ಏರಿಸಬೇಕು. ಎರಡು ತಾಸಿಗೂ ಹೆಚ್ಚು ಹೊತ್ತು ಕಾದು ಕೂತರೆ ಗ್ರಾಫ್ ಕಾಗದದ ಮೇಲೆ ಒಂದು ಏರು ಗೆರೆ ಸಿಗುತ್ತದೆ.

ಗೆರೆಯಾಕಾರದ ಡಿಎನ್‌ಎ ಹೇಳಿದ ಮಾತು ಕೇಳುತ್ತಿತ್ತು. ಒಂದು ಹಂತದವರೆಗೆ ಸುಮ್ಮನಿದ್ದು ಆಮೇಲೆ ಸರ್ರನೆ ಬಿಚ್ಚಿಬಿಡುತ್ತಿತ್ತು. ಸರ್ ಬರೆದ ವೃತ್ತ, ಅಂದರೆ ಒಂದು ಎಳೆಯಲ್ಲಿ ಸಣ್ಣ ಸೀಳು ಬಿದ್ದ ಉಂಗುರ, ಅದೂ ಹೆಚ್ಚುಕಡಿಮೆ ಹಾಗೆಯೇ. ತೊಂದರೆ ಕೊಡುತ್ತಿದ್ದದ್ದು ನುಲಿದ ಉಂಗುರ, ಅಂದರೆ ಎರಡು ಎಳೆಗೂ ಎಲ್ಲೂ ತುದಿಯೇ ಇಲ್ಲದ್ದು. ಅದು ಮಿಕ್ಕವಕ್ಕಿಂತ ಮೊದಲೇ ಅಲ್ಲಲ್ಲಿ ಸಡಿಲವಾಗತೊಡಗುತ್ತಿತ್ತು. ಆದರೆ ಪೂರ್ತಿ ಬಿಚ್ಚಲು ಉಳಿದೆರಡಕ್ಕಿಂತ ಎಷ್ಟೋ ಹೆಚ್ಚು ಬಿಸಿ ಬೇಕಾಗುತ್ತಿತ್ತು. ಅದೂ ಪ್ರತಿ ಸಲ ಒಂದೇ ಥರ ಅಲ್ಲ. ಇಂದಿನ ಗೆರೆ ನಾಳೆಗಿಲ್ಲ.

ಮಂದಾತಾಯಿ ಅದು ಉಂಗುರದ ಸ್ವಭಾವ ಎನ್ನುತ್ತಿದ್ದರು. ಸರ್ ಒಪ್ಪುತ್ತಿರಲಿಲ್ಲ. "ನಿನ್ನ ಉಂಗುರದಾಗ ಹರದದ್ದು ಸೇರೇತಿ ಮಂದಾಕಿನಿ. ಅದ ಮೊದಲ ಕರಗಾಕತ್ತೇತಿ" ಎನ್ನುತ್ತಿದ್ದರು. ಅವರ ಅನುಮಾನ ತಪ್ಪೂ ಅಲ್ಲ. ಹೆಚ್ಚು ಬಿಸಿಗೆ ಉಂಗುರದ ಎಳೆ ತಾನಾಗಿಯೇ ಅಲ್ಲಲ್ಲಿ ತುಂಡಾಗುತ್ತದೆ. ಒಂದೇ ಒಂದು ಕಡೆ ತುಂಡಾದರೂ ಅದು ಆಮೇಲೆ ನುಲಿದ ಉಂಗುರವಲ್ಲ, ಹರಿದ ಉಂಗುರ.

ಇಷ್ಟರ ನಡುವೆ ಕರೆಂಟು. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬಂದು ಮತ್ತೆ ಸಂಜೆ ಹೋಗುತ್ತಿತ್ತು. ಹೇಳಿದ ಹೊತ್ತಿಗೆ ಹೋದರೆ ನಮ್ಮ ಪುಣ್ಯ. ಅರ್ಧ ಏರಿದ ಗೆರೆ ಅಲ್ಲೇ ನಿಂತರೆ ಮಂದಾತಾಯಿ ಸೀಸಪೆನ್ಸಿಲು ಕೆಳಗಿಟ್ಟು ಕಿಟಕಿಗೆ ಹೋಗಿ ನಿಲ್ಲುತ್ತಿದ್ದರು. ಆ ಕಿಟಕಿಯಿಂದ ಬೇವಿನ ಮರದ ಬುಡ ಕಾಣುತ್ತಿತ್ತು. ಬುಡದಲ್ಲಿ ಆಯಿ ಇರುತ್ತಿದ್ದಳು.

ಆಯಿ ಮಂದಾತಾಯಿಯ ಅತ್ತೆ. ಸಿಲ್ಲೋಡಿನ ಹತ್ತಿರದ ಒಂದು ಹಳ್ಳಿಯವಳು, ಹೊಲದಲ್ಲಿ ಬೆಳೆದವಳು, ಅಂಗೈ ನಮ್ಮ ಕಾಲಿನ ಹಿಮ್ಮಡಿಯಷ್ಟು ಗಡುಸು. ಮಂದಾತಾಯಿಯ ಗಂಡ ಅವಳ ಒಬ್ಬನೇ ಮಗ. ಮಗಳು ಗೌರಿ ಹೊಟ್ಟೆಯಲ್ಲಿದ್ದಾಗಲೇ ಅವನು ಮೋಟರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡಿದ್ದ. ಹೆರಿಗೆಯಾಗಿ ಕೆಲವು ತಿಂಗಳಿಗೆ ಆಯಿ ಹೊಲವನ್ನು ಮೈದುನನ ಕೈಗೆ ಕೊಟ್ಟು, ಸೊಸೆ ಮೊಮ್ಮಗಳನ್ನು ಕರೆದುಕೊಂಡು ಔರಂಗಾಬಾದಿಗೆ ಬಂದುಬಿಟ್ಟಳು. ವಿಶ್ವವಿದ್ಯಾಲಯದ ಹಿಂಭಾಗದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಅರ್ಧಕ್ಕೆ ಬಿಟ್ಟ ಓದನ್ನು ಮುಗಿಸೆಂದು ಹಟ ಹಿಡಿದವಳು ಅವಳೇ. ಹಾಲು ಕುಡಿಯುವ ಕೂಸು ತಾಯಿಯಿಂದ ದೂರ ಇರಬಾರದೆಂದು ದಿನವೂ ಗೌರಿಯನ್ನು ಸೊಂಟಕ್ಕೆ ಏರಿಸಿ ಬಂದು ಆ ಮರದ ಕೆಳಗೆ ಹಳೆಯ ಸೀರೆ ಹಾಸಿ ಕೂರುತ್ತಿದ್ದಳು. ಹತ್ತಿಯಿಂದ ದೇವರ ದೀಪದ ಬತ್ತಿ ಹೊಸೆಯುತ್ತಾ, ಇಲಾಖೆಯ ಜನರನ್ನೆಲ್ಲ ಮಾತಾಡಿಸುತ್ತಾ ಹೊತ್ತು ಕಳೆಯುತ್ತಿದ್ದಳು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ, ಮರಾಠಿಯಲ್ಲಿ ತಾಯಿಗೆ. ನಾನು ಯಾವ ಅರ್ಥದಲ್ಲಿ ಕರೆಯುತ್ತಿದ್ದೆನೋ ನನಗೇ ಗೊತ್ತಿಲ್ಲ. ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ಮೊದಲ ಜೋಳದ ಭಾಕರಿ ನನ್ನ ಕೈಗೇ ಬರುತ್ತಿತ್ತು. ಶ್ರಾವಣದಲ್ಲಿ ಊರಿನಿಂದ ಬಂದ ಮೆಕ್ಕೆತೆನೆಯನ್ನು ಅಲ್ಲೇ ಮೂರು ಕಲ್ಲು ಹೂಡಿ ಸುಟ್ಟು ಕೊಡುತ್ತಿದ್ದಳು. ದೇಶಮುಖ ಸರ್ ಕೂಡ ಕಿಟಕಿಯಿಂದ ಕೈ ಚಾಚಿ ಇಸಿದುಕೊಳ್ಳುತ್ತಿದ್ದರು.

"ಒಳಗ ಏನ ಕರಗಸ್ತೀರಿ ನೀವು ದಿನಾ?" ಎಂದು ಆಯಿ ಒಂದು ದಿನ ಕೇಳಿದಳು.

ಮಂದಾತಾಯಿ ಅವಳ ಕೈಯಿಂದ ಎರಡು ಉದ್ದನೆಯ ಬತ್ತಿ ತೆಗೆದುಕೊಂಡು ಒಂದಕ್ಕೊಂದು ಹೊಸೆದರು. ಒಂದು ತುದಿಯಿಂದ ಎಳೆದು ಸುಲಭವಾಗಿ ಬೇರೆ ಮಾಡಿ ತೋರಿಸಿದರು. ಮತ್ತೆ ಹೊಸೆದು, ಈ ಸಲ ಪ್ರತಿ ಎಳೆಯ ಎರಡು ತುದಿಯನ್ನೂ ಆಯಾ ಎಳೆಗೇ ಗಂಟು ಹಾಕಿ, ಉಂಗುರ ಮಾಡಿ ಅತ್ತೆಯ ಕೈಗೆ ಕೊಟ್ಟು, "ಈಗ ಬಿಡಸ್ರಿ ನೋಡೂನು" ಎಂದರು. ಆಯಿ ತಿರುವಿ ಮುರುವಿ ನೋಡಿದಳು, ಹಲ್ಲಿನಲ್ಲಿ ಕಚ್ಚಿ ಎಳೆದಳು. ಬಿಡಲಿಲ್ಲ. ಮಂದಾತಾಯಿ ಕತ್ತರಿಯಿಂದ ಒಂದೇ ಎಳೆಯನ್ನು ಒಂದು ಕಡೆ ಕತ್ತರಿಸಿದಾಗ ಎರಡೂ ಸಲೀಸಾಗಿ ಬೇರೆಯಾದವು. "ಇಷ್ಟ ನೋಡ್ರಿ ನನ್ನ ಪಿಎಚ್.ಡಿ." ಎಂದರು. ಆಯಿ, "ನನ್ನ ಎರಡು ಬತ್ತಿ ಹಾಳ ಮಾಡಿದಿ" ಎಂದು ಗೊಣಗಿದಳು.

ಜುಲೈ ಕೊನೆಗೆ ಮಂದಾತಾಯಿಯ ಅಣ್ಣ ಬಂದ. ಅವರ ತಂದೆ ತಾಯಿ ತೀರಿಹೋಗಿದ್ದರಿಂದ ತವರಿಗೆ ಅವನೇ ಹಿರಿಯ. ಕೆಟ್ಟವನಲ್ಲ, ತಂಗಿಯ ಚಿಂತೆಯಲ್ಲೇ ಬಂದಿದ್ದ. ಜಾಲನಾದಲ್ಲಿ ಒಂದು ಸಂಬಂಧ ಇದೆ, ಗಂಡಿಗೂ ಇದು ಎರಡನೆಯ ಮದುವೆ, ಮನೆ ಚೆನ್ನಾಗಿದೆ. ಆದರೆ ಮಗುವನ್ನು ಕರೆದುಕೊಂಡು ಬರಬಾರದಂತೆ, ಕೆಲಸ ಓದು ಅಂತ ತಿರುಗಬಾರದಂತೆ. "ಗೌರಿ ಆಯಿ ಹತ್ರ ಸಿಲ್ಲೋಡದಾಗ ಬೆಳೀಲಿ. ಆಕಿಗೂ ಆಸರ ಆಕ್ಕೈತಿ" ಎಂದ. ನಾವು ಮೂವರೂ ಮರದ ಕೆಳಗೇ ಇದ್ದೆವು. ಮಂದಾತಾಯಿ ಅತ್ತೆಯ ಮುಖ ನೋಡಿದರು. ಆಯಿ ತಲೆ ತಗ್ಗಿಸಿ ಬತ್ತಿ ಹೊಸೆಯುತ್ತಲೇ ಇದ್ದಳು.

"ದೀಪಾವಳಿತನ ಸಮಯ ಕೊಡು" ಎಂದರು ಮಂದಾತಾಯಿ. ದೀಪಾವಳಿಗೇ ಅವರ ಸಂಶೋಧನೆಯ ಅವಧಿಯೂ ಮುಗಿಯುತ್ತಿತ್ತು. ಎರಡು ಸಲ ಮುಂದೂಡಿಸಿಕೊಂಡಾಗಿತ್ತು, ಇನ್ನು ಆಗುವಂತಿರಲಿಲ್ಲ. ಅಣ್ಣ ಒಪ್ಪಿ ಹೋದ.

ಮರುದಿನ ಸರ್ ಅವರನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು: "ನುಲಿದ ಉಂಗುರ ಬಿಟ್ಟಬಿಡು. ಉಳಿದೆರಡರ ಮ್ಯಾಲ ಬರದು ಕೊಡು. ಪದವಿ ಬರ್ತೈತಿ."

"ಉಂಗುರ ಬಿಟ್ರ ಅದರಾಗ ಏನ ಉಳೀತೈತಿ ಸರ್?"

"ನಿನ್ನ ಜೀವನ ಉಳೀತೈತಿ."

ಸರ್ ಕನ್ನಡಕ ಒರೆಸತೊಡಗಿದರು. ಅದು ಸಿಟ್ಟಲ್ಲ ಎಂದು ಆ ದಿನ ನನಗೂ ಗೊತ್ತಾಯಿತು.

ಮಂದಾತಾಯಿ ಬಿಡಲಿಲ್ಲ. ದ್ರಾವಣದಲ್ಲಿ ಉಪ್ಪು ಕಡಿಮೆ ಮಾಡಿದರೆ ಎಳೆಗಳ ಹಿಡಿತ ತಗ್ಗುತ್ತದೆ, ಕಡಿಮೆ ಬಿಸಿಗೇ ಬಿಚ್ಚುತ್ತವೆ, ಆಗ ಉಂಗುರಕ್ಕೆ ಪೆಟ್ಟೂ ಕಡಿಮೆ. ಈ ದಾರಿ ಹಿಡಿದರು. ಉಪ್ಪು ಇಳಿಸುತ್ತಾ ಇಳಿಸುತ್ತಾ ಆಗಸ್ಟ್ ಕಳೆಯುತ್ತಾ ಬಂತು. ಒಂದು ಮುಂಜಾನೆ ಗೆರೆಯಾಕಾರದ್ದನ್ನೂ ಉಂಗುರವನ್ನೂ ಅಕ್ಕಪಕ್ಕದ ಡಬ್ಬಿಗಳಲ್ಲಿಟ್ಟು ಒಟ್ಟಿಗೇ ಬಿಸಿ ಮಾಡುತ್ತಿದ್ದೆವು. ಗೆರೆಯದು ಬಿಚ್ಚಿ ಎಷ್ಟೋ ಹೊತ್ತಾಗಿತ್ತು. ಉಂಗುರವೂ ಕೊನೆಯ ಏರಿನಲ್ಲಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಕರೆಂಟು ಹೋಯಿತು.

ಮಂದಾತಾಯಿ ಮೇಜಿನ ಮೇಲೆ ತಲೆಯಿಟ್ಟರು. ನಾನು ಡಬ್ಬಿಗಳನ್ನು ತೆಗೆಯಲೂ ಇಲ್ಲ. ಇಬ್ಬರೂ ಹೊರಗೆ ಹೋಗಿ ಆಯಿಯ ಬಳಿ ಕೂತೆವು. ಗೌರಿ ಬೇವಿನ ಹಣ್ಣು ಆಯ್ದು ತಾಯಿಯ ಮಡಿಲಿಗೆ ಹಾಕುತ್ತಿದ್ದಳು, ಮಂದಾತಾಯಿ ಅವನ್ನು ಒಂದೊಂದಾಗಿ ಹೊರಕ್ಕೆ ಎಸೆಯುತ್ತಿದ್ದರು. ಮಧ್ಯಾಹ್ನ ಕರೆಂಟು ಬಂದಿತು. ಡಬ್ಬಿಗಳನ್ನು ತೊಳೆದಿಡಬೇಕೆಂದು ಒಳಗೆ ಹೋದ ನಾನು, ತೆಗೆಯುವ ಮೊದಲು ಸುಮ್ಮನೆ ಒಮ್ಮೆ ಅಳೆದೆ.

ಗೆರೆಯಾಕಾರದ್ದು ಬಿಸಿಯಲ್ಲಿ ಹೇಗಿತ್ತೋ ಹೆಚ್ಚುಕಡಿಮೆ ಅಲ್ಲೇ ಇತ್ತು. ತಣ್ಣಗಾದ ಮೇಲೂ ಅದರ ಎಳೆಗಳು ಒಂದನ್ನೊಂದು ಹುಡುಕಿಕೊಂಡಿರಲಿಲ್ಲ. ಉಂಗುರದ ಅಂಕಿ ಮಾತ್ರ ಬಿಸಿ ಮಾಡುವ ಮೊದಲು ಇದ್ದಲ್ಲಿಗೆ ಇಳಿದಿತ್ತು.

ಯಂತ್ರ ಕೆಟ್ಟಿದೆ ಎಂದುಕೊಂಡು ಮತ್ತೆ ಅಳೆದೆ. ಅದೇ. "ಮಂದಾತಾಯಿ!" ಎಂದು ಕಿಟಕಿಯಿಂದಲೇ ಕೂಗಿದೆ. ಅವರು ಕಾಲಿಗೆ ಚಪ್ಪಲಿಯಿಲ್ಲದೆ ಓಡಿ ಬಂದು ಅಂಕಿ ನೋಡಿದರು, ನನ್ನನ್ನು ನೋಡಿದರು.

"ಬಂದಾವು" ಎಂದರು. "ವೀಣಾ, ಹೊಳ್ಳಿ ಬಂದಾವು. ಬಿಚ್ಚಿದ್ರೂ ಎಲ್ಲೂ ಹೋಗಿರಲಿಲ್ಲ."

ಹರಿದ ಉಂಗುರಗಳೇ ಮೊದಲು ಕರಗುತ್ತಿದ್ದವು ಎಂಬ ಮಾತು ನಿಜವಾಗಿದ್ದರೆ ಅವುಗಳ ಎಳೆಗಳು ದೂರವಾಗಿ ಅಲ್ಲೇ ಉಳಿಯಬೇಕಿತ್ತು. ಎಲ್ಲವೂ ಮರಳಿವೆ ಎಂದರೆ ಮೊದಲಿನಿಂದ ಕೊನೆಯವರೆಗೆ ನಾವು ಅಳೆದದ್ದು ಹರಿಯದ ಉಂಗುರಗಳನ್ನೇ. ಸರ್ ಬಂದರು, ನೋಡಿದರು. ಆಮೇಲೆ, "ಒಮ್ಮೆ ಆದದ್ದು ಆಕಸ್ಮಿಕ. ಮಧ್ಯಾ ನಿಲ್ಲದಂಗ ಬಿಸಿ ಮಾಡಿ, ನಮ್ಮ ಕೈಯಾರೆ ತಣ್ಣಗ ಮಾಡಿ, ಮತ್ತ ಮತ್ತ ತೋರಸಬೇಕು. ತೋರಿಸಿದ್ರ ನಾ ಸೋತೆ" ಎಂದರು.

ಆದರೆ ಮಧ್ಯೆ ನಿಲ್ಲದ ಕರೆಂಟು ಎಲ್ಲಿಂದ ತರುವುದು? ಆಗ ನನಗೆ ನೆನಪಾದದ್ದು ನಾಸಿಕದಲ್ಲಿ ನಾನು ಓದಿದ ಕಾಲೇಜು. ಅಲ್ಲಿ ಅಂಥದೇ ಯಂತ್ರವಿತ್ತು, ಮುಖ್ಯವಾಗಿ ಜನರೇಟರ್ ಇತ್ತು. ನನ್ನ ಹಳೆಯ ಮೇಡಂಗೆ ಫೋನು ಮಾಡಿದೆ. ಗಣಪತಿ ಹಬ್ಬದ ರಜೆಯಲ್ಲಿ ಬಂದು ಮಾಡಿಕೊಳ್ಳಿ ಎಂದರು.

ಹೀಗೆ ನಾವು ನಾಲ್ಕು ಜನ ಎಸ್‌ಟಿ ಬಸ್ಸು ಹತ್ತಿದೆವು. ಗೌರಿ ಆಯಿಯ ತೊಡೆಯ ಮೇಲೆ, ಐಸು ತುಂಬಿದ ಥರ್ಮಾಸು ಮಂದಾತಾಯಿಯ ತೊಡೆಯ ಮೇಲೆ, ಅದರೊಳಗೆ ಬೆರಳ ತುದಿಯಷ್ಟು ಪುಟ್ಟ ಕೊಳವೆಗಳಲ್ಲಿ ಉಂಗುರಗಳು. ಒಂದು ದಿನ ಐಸಿಲ್ಲದೆ ಹೊರಗಿದ್ದರೂ ಅವಕ್ಕೆ ಏನೂ ಆಗದೆಂದು ಮಂದಾತಾಯಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಗಂಗಾಪುರದಲ್ಲಿ ಬಸ್ಸು ಪಂಕ್ಚರ್ ಆಗಿ ನಿಂತಾಗ ಅವರ ಮುಖ ಬಿಳಿಚಿಕೊಂಡಿತು. ಆಯಿ ಏನೂ ಕೇಳದೆ ಗೌರಿಯನ್ನು ನನ್ನ ಕೈಗಿತ್ತು ಇಳಿದು ಹೋದಳು. ಕಬ್ಬಿನ ಹಾಲಿನ ಅಂಗಡಿಯಿಂದ ಸೆರಗಿನಲ್ಲಿ ಐಸು ಕಟ್ಟಿಕೊಂಡು, ಸೀರೆಯ ಮುಂಭಾಗವೆಲ್ಲ ಒದ್ದೆಯಾಗಿ ಬಂದಳು. "ನಿನ್ನ ಕೂಸಿಗೆ ತಂದೇನಿ, ಹಾಕು" ಎಂದು ಥರ್ಮಾಸಿನ ಕಡೆ ಕೈ ತೋರಿಸಿದಳು.

ಬಸ್ಸು ಮತ್ತೆ ಹೊರಟಾಗ ಆಯಿಗೂ ಗೌರಿಗೂ ನಿದ್ದೆ ಹತ್ತಿತ್ತು. ಹೊರಗೆ ಹತ್ತಿ ಹೊಲಗಳ ಮೇಲೆ ಸಣ್ಣ ಮಳೆ. ನಾನು ಆಗ ಇಪ್ಪತ್ಮೂರರ ಹುಡುಗಿ, ಎಲ್ಲದಕ್ಕೂ ಅರ್ಥ ಹಚ್ಚುವ ವಯಸ್ಸು. "ನೀವು, ಆಯಿ ಸೈತ ಆ ಉಂಗುರದಂಗ ಇದ್ದೀರಿ ನೋಡ್ರಿ" ಎಂದೆ.

ಮಂದಾತಾಯಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಹಂಗ ಅನಬ್ಯಾಡ. ಉಂಗುರಕ್ಕ ಬಿಟ್ಟು ಹೋಗಾಕ ಬರೂದ ಇಲ್ಲ. ಆಯಿಗೆ ಬರ್ತಿತ್ತು" ಎಂದರು.

ಓಝರದ ಕ್ವಾರ್ಟರ್ಸಿನ ಎರಡು ಕೋಣೆಯ ಮನೆ ಆ ಹಬ್ಬದಲ್ಲಿ ತುಂಬಿ ತುಳುಕಿತು. ಅಪ್ಪ ಕಾರ್ಖಾನೆಯಿಂದ ಬಂದವನೇ ಗೌರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಲೊನಿಯ ಗಣಪತಿ ತೋರಿಸಲು ಹೊರಟುಬಿಡುತ್ತಿದ್ದ. ಅವ್ವನ ಮರಾಠಿ ಅರ್ಧ ಕನ್ನಡ, ಆಯಿಗೆ ಕನ್ನಡ ಒಂದಕ್ಷರ ಬಾರದು. ಆದರೂ ಇಬ್ಬರ ಮಾತು ಅಡುಗೆಮನೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಅವ್ವ ಕಡುಬು ಮಾಡಿದರೆ ಆಯಿ ಮೋದಕ ಎನ್ನುತ್ತಿದ್ದಳು, ನೆರಿಗೆ ಎಷ್ಟಿರಬೇಕೆಂದು ಇಬ್ಬರಿಗೂ ವಾದ.

ಮೊದಲ ಸಂಜೆ ನಾನು ಅಡುಗೆಮನೆಯ ಬಾಗಿಲಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಮಂದಾತಾಯಿ ಹೊರಗೆ ಥರ್ಮಾಸಿನ ಐಸು ಬದಲಿಸುತ್ತಿದ್ದರು. ಆಯಿ ಅವ್ವನಿಗೆ ಜಾಲನಾದ ಸಂಬಂಧದ ಸುದ್ದಿ ಹೇಳುತ್ತಿದ್ದಳು.

"ನಾ ಹೂಂ ಅಂದಿದ್ರ ಗೌರಿ ನನಗ ಉಳೀತಿದ್ಲು" ಎಂದಳು. "ನನ್ನ ಮಗನ ಮೂಗು, ಅವನ ನಗಿ, ಎಲ್ಲಾ ಐತಿ ಆಕಿ ಮುಖದಾಗ. ದಿನಾ ಕಣ್ಣ ಮುಂದ ಇರ್ತಿದ್ಲು. ಆಸೆ ಆತ್ರಿ ನನಗ. ಸುಳ್ಳ ಯಾಕ ಹೇಳ್ಲಿ?"

"ಮತ್ತ ಯಾಕ ಅನಲಿಲ್ರಿ?" ಅವ್ವ ಕೇಳಿದಳು.

ಆಯಿ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಒತ್ತಿದಳು. "ನನ್ನ ಕೂಸು ಹೋತು. ಕೂಸು ಹೋದ್ರ ಹೆಂಗ ಆಕ್ಕೈತಿ ಅಂತ ನನಗ ಗೊತ್ತೈತ್ರಿ. ಗೊತ್ತಿದ್ದೂ ಆಕಿ ಕೂಸು ಕಸಗೊಳ್ಳಲೇನು?"

ಅವ್ವ ಒಲೆಯ ಮೇಲಿನ ಪಾತ್ರೆ ಇಳಿಸಿ, ಹಿಟ್ಟಿನ ಕೈಯಲ್ಲೇ ಅವಳ ಬೆನ್ನು ಸವರಿದಳು. ಆಯಿಯ ನೀಲಿ ಕುಪ್ಪಸದ ಮೇಲೆ ಅವ್ವನ ಐದು ಬೆರಳು ಬೆಳ್ಳಗೆ ಮೂಡಿದ್ದವು.

ಮರುದಿನ ಬೆಳಿಗ್ಗೆಯಿಂದ ನಾವಿಬ್ಬರೂ ಕಾಲೇಜಿನಲ್ಲಿ ಕೂತೆವು. ಮಧ್ಯೆ ಕರೆಂಟು ಹೋದರೂ ಕ್ಷಣದಲ್ಲಿ ಜನರೇಟರು ಗುರ್ ಎನ್ನುತ್ತಿತ್ತು. ಆ ಸದ್ದಿನಷ್ಟು ಇಂಪಾದದ್ದನ್ನು ನಾನು ಬೇರೆ ಕೇಳಿಲ್ಲ. ಗೆರೆ ಏರಿತು. ಮೊದಲಿನ ಆ ಮೆಲ್ಲನೆಯ ಏರು, ಆಮೇಲೆ ಬಹಳ ಹೊತ್ತಿನ ಹಟ, ಕೊನೆಗೆ ಬಿಚ್ಚಿಕೊಳ್ಳುವುದು. ನಾವೇ ತಣ್ಣಗೆ ಮಾಡಿದೆವು. ಉಂಗುರ ಮರಳಿತು. ಪ್ರತಿ ಸಲದ ನಂತರವೂ ಒಂದು ಹನಿಯನ್ನು ಜೆಲ್ ಮೇಲೆ, ಅಂದರೆ ತೆಳುವಾದ ಲೋಳೆಯ ಹಾಳೆಯ ಮೇಲೆ, ಓಡಿಸಿ ನೋಡುತ್ತಿದ್ದೆವು. ಅಲ್ಲಿ ಹರಿದ ಉಂಗುರ ಒಂದು ಕಡೆ, ಗಟ್ಟಿ ಉಂಗುರ ಇನ್ನೊಂದು ಕಡೆ ಪಟ್ಟಿಯಾಗಿ ನಿಲ್ಲುತ್ತವೆ. ಗಟ್ಟಿ ಉಂಗುರದ ಪಟ್ಟಿ ದಟ್ಟವಾಗಿ, ಅಲುಗಾಡದೆ ಇತ್ತು. ಹರಿದದ್ದು ಹುಡುಕಿದರೆ ಕಾಣುವಷ್ಟು. ಹಬ್ಬ ಮುಗಿಯುವ ಹೊತ್ತಿಗೆ ಒಂದರ ಮೇಲೊಂದು ಇಟ್ಟರೆ ಕೂಡಿಕೊಳ್ಳುವಂಥ ಗೆರೆಗಳು ನಮ್ಮ ಕೈಯಲ್ಲಿದ್ದವು. ಕೊನೆಯ ಗೆರೆ ಮುಗಿದಾಗ ಮಂದಾತಾಯಿ ಕುಣಿಯಲಿಲ್ಲ, ಅಳಲಿಲ್ಲ. "ಹಸಿವಿ ಆಗೈತಿ" ಎಂದರು. ಕಾಲೇಜಿನ ಎದುರು ಇಬ್ಬರೂ ಎರಡೆರಡು ಪ್ಲೇಟು ಮಿಸಳ್ ತಿಂದೆವು.

ದೀಪಾವಳಿಗೆ ಮೊದಲೇ ಪ್ರಬಂಧ ಒಪ್ಪಿಸಿದರು. ಚಳಿಗಾಲದ ಕೊನೆಗೆ ಬಹಿರಂಗ ಮೌಖಿಕ ಪರೀಕ್ಷೆ. ಕೊನೆಯ ಬೆಂಚಿನಲ್ಲಿ ಆಯಿ ಹಸಿರು ಇಳಕಲ್ ಸೀರೆ ಉಟ್ಟು ಗೌರಿಯ ಬಾಯಿಗೆ ಬಿಸ್ಕತ್ತು ಇಡುತ್ತಾ ಕೂತಿದ್ದಳು. ಸೀರೆ ಅವ್ವ ಉಡಿ ತುಂಬಿದ್ದು. ಹೊರಗಿನಿಂದ ಬಂದ ಪರೀಕ್ಷಕರು ಗ್ರಾಫಿನ ಕೆಳಭಾಗಕ್ಕೆ ಬೆರಳಿಟ್ಟು, ಈ ಮೊದಲ ಏರು ಹರಿದ ಉಂಗುರಗಳದ್ದಲ್ಲ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದರು. ಮಂದಾತಾಯಿ ಬಾಯಿ ತೆರೆಯುವ ಮೊದಲೇ ದೇಶಮುಖ ಸರ್ ಎದ್ದು ನಿಂತರು. "ಕ್ಷಮಿಸಿ. ಈ ಪ್ರಶ್ನೆಯನ್ನ ನಾನು ಒಂದು ವರ್ಷ ದಿನಾ ಕೇಳಿದ್ದೇನೆ. ನನಗೆ ಉತ್ತರ ಸಿಕ್ಕಿದೆ. ಆದರೂ ಆಕೆ ಬಾಯಿಂದಲೇ ಕೇಳಿ, ಚೆನ್ನಾಗಿ ಹೇಳ್ತಾಳೆ" ಎಂದು ಕೂತರು. ಮಂದಾತಾಯಿ ಹೇಳಿದರು.

ಜಾಲನಾದ ಸಂಬಂಧಕ್ಕೆ ಮಂದಾತಾಯಿಯೇ ಇಲ್ಲ ಎಂದರು. ಅಣ್ಣ ಕೆಲವು ತಿಂಗಳು ಮಾತು ಬಿಟ್ಟು ಆಮೇಲೆ ತಾನಾಗಿ ಬಂದ. ಆ ಬೇಸಿಗೆಗೆ ನನ್ನ ಕೆಲಸದ ಅವಧಿಯೂ ಮುಗಿದು ನಾನು ಓಝರಕ್ಕೆ ಮರಳಿದೆ. ಜೂನಿನಲ್ಲಿ ಮಂದಾತಾಯಿಗೆ ನಾಸಿಕದಲ್ಲೇ ಒಂದು ಕಾಲೇಜಿನಲ್ಲಿ ಅಧ್ಯಾಪಕಿಯ ಕೆಲಸ ಸಿಕ್ಕಿತು. ಮೂವರೂ ಊರು ಬದಲಿಸಿ ಬಂದರು.

ಇನ್ನೊಂದು ಮಾತು ಹೇಳದೆ ಇದು ಮುಗಿಯುವುದಿಲ್ಲ. ಎರಡು ವರ್ಷ ಬಿಟ್ಟು ಮಂದಾತಾಯಿ ಮದುವೆಯಾದರು. ಅವರದೇ ಕಾಲೇಜಿನ ಗಣಿತದ ಅಧ್ಯಾಪಕರು, ಗೌರಿಗೆ ಎಣಿಕೆ ಕಲಿಸುತ್ತಾ ಮನೆಗೆ ಬಂದು ಹೋಗುತ್ತಿದ್ದವರು. ಮದುವೆ ತ್ರ್ಯಂಬಕೇಶ್ವರದ ಒಂದು ಸಣ್ಣ ಛತ್ರದಲ್ಲಿ. ಹೆಣ್ಣನ್ನು ಧಾರೆ ಎರೆಯುವವರು ಯಾರು ಎಂದು ಭಟ್ಟರು ಕೇಳಿದಾಗ ಅಣ್ಣ ಮುಂದೆ ಬಂದ. ಮಂದಾತಾಯಿ ತಲೆ ಅಲ್ಲಾಡಿಸಿ ಆಯಿಯ ಕಡೆ ನೋಡಿದರು. ಭಟ್ಟರು ಗೊಂದಲಕ್ಕೆ ಬಿದ್ದರು.

"ಇವರು ಹುಡುಗಿಗೆ ಏನಾಗಬೇಕು?"

"ತಾಯಿ" ಎಂದರು ಮಂದಾತಾಯಿ.

ಯಾರೋ ಭಟ್ಟರ ಕಿವಿಯಲ್ಲಿ ನಿಜ ಸಂಗತಿ ಹೇಳಲು ಹೋದರು. ಅಣ್ಣ ಅವರ ತೋಳು ಹಿಡಿದು ನಿಲ್ಲಿಸಿ, ತಾನೇ ತಂಬಿಗೆ ತಂದು ಆಯಿಯ ಕೈಗೆ ಕೊಟ್ಟ. ಆಯಿ ತಂಬಿಗೆ ಬಗ್ಗಿಸಿದ ರಭಸಕ್ಕೆ ನೀರು ಅರ್ಧ ನೆಲಕ್ಕೆ ಹೋಯಿತು. ಉಳಿದದ್ದು ಸಾಕಾಯಿತು.

ಸಂಜೆ ಮದುಮಕ್ಕಳು ಜೀಪು ಹತ್ತುವಾಗ ಅಳಿಯ ಆಯಿಯ ಚೀಲಕ್ಕೂ ಕೈ ಹಾಕಿದರು. ಆಯಿ ಬಿಡಲಿಲ್ಲ. "ಮಗಳ ಮನಿಗೆ ಮೊದಲನೇ ದಿನಾನ ತಾಯಿ ಬರ್ತಾಳೇನ್ರಿ? ನೀವ ನಡೀರಿ. ಎಂಟು ದಿನ ಬಿಟ್ಟು ಬರ್ತೀವಿ" ಎಂದು, ಗೌರಿಯ ಕೈ ಹಿಡಿದು ನಮ್ಮ ಜೊತೆ ಓಝರಕ್ಕೆ ಬಂದುಬಿಟ್ಟಳು. ಮನೆಯಲ್ಲಿ ಅವ್ವ ಅವಳಿಗೆ ತನ್ನ ಪಕ್ಕದಲ್ಲೇ ಹಾಸಿದಳು.

ಎರಡನೆಯ ದಿನ ಬೆಳಿಗ್ಗೆ ಗೇಟಿನ ಸದ್ದಾಯಿತು. ನೋಡಿದರೆ ಮಂದಾತಾಯಿ, ಹಿಂದೆ ಅವರ ಯಜಮಾನರು. ಕೈಯಲ್ಲಿ ಇನ್ನೂ ಹಸಿರು ಬಳೆ, ಮುಖ ತುಂಬ ಸಿಟ್ಟು.

"ಎಂಟು ದಿನ ಅಂತ ಎಂಟು ದಿನ! ಅವರಿಗೆ ಚಹಾ ಮಾಡಾಕ ಬರೂದಿಲ್ಲ. ನನಗೂ ಬರೂದಿಲ್ಲ. ನಡೀರಿ ಮನ್ಯಾಗ."

ಅವ್ವ ಇನ್ನೆರಡು ದಿನ ಇರಲಿ ಬಿಡವ್ವ ಎಂದು ತಡೆಯಲು ಹೋದಳು. ಅಷ್ಟರಲ್ಲಿ ಆಯಿ ಒಳಗಿನಿಂದ ಬಂದಳು. ತಲೆ ಬಾಚಿತ್ತು, ಗೌರಿಗೆ ಹೊರಗೆ ಹೋಗುವ ಫ್ರಾಕು ಹಾಕಿಯಾಗಿತ್ತು, ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟಾಗಿತ್ತು. ಯಾವಾಗ ಕಟ್ಟಿಟ್ಟಿದ್ದಳೋ, ಪಕ್ಕದಲ್ಲೇ ಮಲಗಿದ್ದ ಅವ್ವನಿಗೂ ಗೊತ್ತಾಗಿರಲಿಲ್ಲ.